ಅನುಷ್ಕಾ ಉಂಡ ದಿನಗಳು

ಅನುಷ್ಕಾಳಿಗೆ ನಾಲ್ಕು ತುಂಬಿದ ಮಳೆಗಾಲದಲ್ಲಿ ಒಂದು ದಿನ ಹೊಟ್ಟೆನೋವು ಶುರುವಾಯಿತು. ಸಂಜೆಗೆ ಹಸಿರು ವಾಂತಿಯಾಯಿತು. ಮರುದಿನ ಠಾಣೆಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ನೋಡಿದಾಗ ಸಣ್ಣಕರುಳು ಹಗ್ಗದ ಹಾಗೆ ತಿರುಚಿಕೊಂಡು ಕಪ್ಪಾಗಿತ್ತು. ಹುಟ್ಟುವಾಗಲೇ ಕರುಳು ಇರಬೇಕಾದ ರೀತಿಯಲ್ಲಿ ಕೂತಿರಲಿಲ್ಲವಂತೆ. ಅಷ್ಟು ವರ್ಷ ಅದು ಯಾರಿಗೂ ಗೊತ್ತಾಗಿರಲಿಲ್ಲ. ಸರ್ಜನ್ ಸತ್ತ ಕರುಳನ್ನೆಲ್ಲ ತೆಗೆದರು. ಉಳಿದದ್ದು ಒಂದು ಗೇಣು. ಮಗು ಬದುಕಿತು, ಆದರೆ ತಿಂದದ್ದನ್ನು ಮೈಗೆ ಹತ್ತಿಸುವಂಥದ್ದು ಅದರ ಹೊಟ್ಟೆಯೊಳಗೆ ಏನೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ಅನು ಬದುಕಿದ್ದು ಎದೆಗೆ ಹಾಕಿದ ನಳಿಕೆಯಿಂದ. ದಿನವೂ ಸಂಜೆ ಅವಳ ತಾಯಿ ಕಾಂಚನಾ ಕೈಯನ್ನು ಮೊಣಕೈವರೆಗೆ ತೊಳೆದು, ಮಾಸ್ಕ್ ಕಟ್ಟಿ, ಹಾಲಿನಂಥ ದ್ರವದ ಚೀಲವನ್ನು ಫ್ರಿಜ್ಜಿನಿಂದ ತೆಗೆದು ಆ ನಳಿಕೆಗೆ ಜೋಡಿಸುತ್ತಿದ್ದಳು. ಬೆಳಗಿನ ತನಕ ಅದು ರಕ್ತಕ್ಕೆ ಇಳಿಯುತ್ತಿತ್ತು. ಸ್ವಲ್ಪ ಕೊಳೆ ಸೋಕಿದರೂ ಜ್ವರ, ಜ್ವರ ಬಂದರೆ ಆಸ್ಪತ್ರೆ. ಕಾಂಚನಾ ಶಾಲೆಯ ಕೆಲಸ ಬಿಟ್ಟಳು. ಫ್ರಿಜ್ಜಿನ ಮೇಲಿನ ಎರಡು ಖಾನೆಗಳನ್ನು ಯಾರೂ ಮುಟ್ಟಬಾರದು ಎಂದಾಯಿತು.

ಡೊಂಬಿವಲಿ ಪೂರ್ವದಲ್ಲಿ ಮೂರನೇ ಮಹಡಿಯ ಮನೆ ಅದು. ಯಜಮಾನರು ತಾರಾನಾಥ, ಉಡುಪಿ ಕಡೆಯಿಂದ ಹುಡುಗನಾಗಿದ್ದಾಗ ಬಂದು, ಠಾಣೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಹೆಂಡತಿ ಜಲಜಾಕ್ಷಿ. ಮಗ ಮಯೂರ್ ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ಒಂದು ಸಾಗಣೆ ಕಂಪನಿಯ ಆಫೀಸಿನಲ್ಲಿದ್ದ. ಮಗಳು ಮಾನಸಿ ವಾಶಿಯಲ್ಲಿ ಬ್ಯಾಂಕಿನ ಕೆಲಸಕ್ಕೆ ಹೋಗುತ್ತಿದ್ದಳು; ಸಾನಪಾಡಾದ ಮಧ್ವರಾಜ ಎಂಬ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಕಾಂಚನಾ ಕಲ್ಯಾಣದವಳು, ಗದಗಿನ ಕಡೆಯ ಬಟ್ಟೆ ವ್ಯಾಪಾರಿಗಳ ಮಗಳು. ಕಾಲೇಜಿನಲ್ಲಿ ಮಯೂರನ ಪರಿಚಯವಾಗಿ, ಎರಡೂ ಮನೆಯವರು ಒಂದು ವರ್ಷ ಮುಖ ಊದಿಸಿಕೊಂಡಿದ್ದು ಆಮೇಲೆ ಮದುವೆ ಮಾಡಿಕೊಟ್ಟಿದ್ದರು. ಅವಳು ಮೀನು ತಿನ್ನುವವಳಲ್ಲ. ಅವಳು ಬಂದ ಮೇಲೆ ಮೀನಿಗೆ ಬೇರೆ ಪಾತ್ರೆ, ಬೇರೆ ಒಲೆ ಎಂದು ಜಲಜಾಕ್ಷಿಯೇ ವ್ಯವಸ್ಥೆ ಮಾಡಿದ್ದರು. ಅನುವಿನ ಆಪರೇಶನ್ ಆದ ಮೇಲೆ ಆ ಒಲೆ ಹಚ್ಚುವುದೇ ನಿಂತಿತು.

ಕಾರಣ ವಾಸನೆ. ಒಗ್ಗರಣೆ ಬಿದ್ದ ಕೂಡಲೇ ಮಗು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿತ್ತು. ಡಾಕ್ಟರು ನಾಲಿಗೆ ರುಚಿ ಮರೆಯದಿರಲೆಂದು ಎರಡು ಚಮಚ ಗಂಜಿಯನ್ನಷ್ಟೇ ಕೊಡಿ ಎಂದಿದ್ದರು. ಅದಕ್ಕಿಂತ ಹೆಚ್ಚು ಒಳಗೆ ಹೋದರೆ ನೀರಾಗಿ ಹೊರಗೆ ಹರಿದು, ಮಗು ಬಟ್ಟೆ ಹಿಂಡಿದ ಹಾಗೆ ಒಣಗಿಹೋಗುತ್ತಿತ್ತು. ಆದ್ದರಿಂದ ಮನೆಯವರು ಒಬ್ಬೊಬ್ಬರಾಗಿ, ಬಾಗಿಲು ಹಾಕಿಕೊಂಡು, ನಿಂತೇ ಉಂಡು ಬರುವುದನ್ನು ಕಲಿತರು. ಜೀವಮಾನವಿಡೀ ಜನರಿಗೆ ಊಟ ಹಾಕಿಸಿದ ತಾರಾನಾಥರು ಎರಡು ನಿಮಿಷದಲ್ಲಿ ತಟ್ಟೆ ತೊಳೆದಿಟ್ಟು, ಬಾಯಿ ಮುಕ್ಕಳಿಸಿ, ಮೊಮ್ಮಗಳ ಬಳಿ ಬಂದು ಕೂರುತ್ತಿದ್ದರು. ಆದರೂ ಅವಳು ಅವರ ಕೈ ಮೂಸಿ ನೋಡುತ್ತಿದ್ದಳು.

"ಅಜ್ಜ, ಆಜ್ ಸಾಂಬಾರ್ ಥಾ," ಅನ್ನುತ್ತಿದ್ದಳು. ಅವಳಿಗೆ ಕನ್ನಡ, ತುಳು ಎರಡೂ ತಿಳಿಯುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ.

ಒಂದು ದಿನ ಜಲಜಾಕ್ಷಿ ತಡೆಯಲಾರದೆ ಅವಳಿಗೆ ಚಕ್ಕುಲಿಯ ತುಂಡು ಕೊಟ್ಟು, ಅಗಿದು ಉಗುಳಲು ಕಲಿಸಿದರು. ಮಗು ಬೇಗ ಕಲಿಯಿತು. ಬಟ್ಟಲು ಹಿಡಿದು ಕೂತು ಅಗಿಯುವುದು, ಉಗುಳುವುದು. ಕಾಂಚನಾ ಅದನ್ನು ನೋಡಿ ಬಟ್ಟಲನ್ನು ಕಸಿದುಕೊಂಡು ಬಚ್ಚಲಿಗೆ ಸುರಿದಳು. ನಾಲ್ಕು ದಿನ ಬಿಟ್ಟು ತಾನೇ ಒಂದು ಬಟ್ಟಲು ತಂದು ಮಗುವಿನ ಮುಂದಿಟ್ಟಳು.

ಹೀಗೆ ಒಂದೂವರೆ ವರ್ಷ ಹೋಯಿತು. ನಳಿಕೆ ಹಾಕುವ ರಕ್ತನಾಳಗಳು ಒಂದೊಂದಾಗಿ ಮುಚ್ಚಿಕೊಂಡವು. ನವಿ ಮುಂಬಯಿಯ ಆಸ್ಪತ್ರೆಯಲ್ಲಿ ಅವಳನ್ನು ನೋಡುತ್ತಿದ್ದ ಮಕ್ಕಳ ಡಾಕ್ಟರು ಎರಡು ಸಾವಿರದ ಹದಿನೈದರ ಡಿಸೆಂಬರಿನಲ್ಲಿ ಮಯೂರ್, ಕಾಂಚನಾ ಇಬ್ಬರನ್ನೂ ಕೂರಿಸಿಕೊಂಡು, ಮಗುವಿನ ಕಣ್ಣು ಹಳದಿಯಾಗುತ್ತಿರುವುದನ್ನು ನೀವೂ ನೋಡಿರಬೇಕು ಎಂದರು. ಬದುಕಿಸುತ್ತಿದ್ದ ಆ ಚೀಲವೇ ಈಗ ಯಕೃತ್ತನ್ನು ಕೆಡಿಸುತ್ತಿತ್ತು. ಹತ್ತು ವರ್ಷದ ಹಿಂದೆ ಆಗಿದ್ದರೆ ಮಗುವನ್ನು ಮನೆಗೆ ಕರೆದುಕೊಂಡು ಹೋಗಿ ಎನ್ನುತ್ತಿದ್ದೆವು, ಈಗ ಒಂದು ದಾರಿ ಇದೆ ಎಂದರು. ಜೀವಂತ ಇರುವವರ ಸಣ್ಣಕರುಳಿನ ಒಂದು ಭಾಗ ತೆಗೆದು ಮಗುವಿಗೆ ಕೂಡಿಸಬಹುದು. ಕೊಟ್ಟವರು ಕೆಲವು ತಿಂಗಳಲ್ಲಿ ಮೊದಲಿನ ಹಾಗಾಗುತ್ತಾರೆ. ದೇಶದಲ್ಲಿ ಮಕ್ಕಳಿಗೆ ಮಾಡಿದ್ದು ಇನ್ನೂ ಕಡಿಮೆ. ಕೆಲವರು ಶಾಲೆಗೆ ಹೋಗುತ್ತಿದ್ದಾರೆ, ಕೆಲವರು ಉಳಿಯಲಿಲ್ಲ. ಇನ್ನೂ ತಡವಾದರೆ ಯಕೃತ್ತನ್ನೂ ಬದಲಿಸಬೇಕಾಗುತ್ತದೆ. ಅದು ಬೇರೆಯೇ ಕಷ್ಟ.

"ಅವಳು ಊಟ ಮಾಡ್ತಾಳಾ?" ಎಂದು ಕಾಂಚನಾ ಕೇಳಿದಳು.

ಕರುಳು ಹಿಡಿದರೆ ಮಾಡುತ್ತಾಳೆ ಎಂದರು ಡಾಕ್ಟರು.

ಅಪ್ಪ ಅಮ್ಮನ ರಕ್ತ ಪರೀಕ್ಷೆಯಾಯಿತು. ಮಯೂರನ ಗುಂಪು ಹೊಂದಲಿಲ್ಲ. ಕಾಂಚನಾಳದು ಹೊಂದಿತು. ಆ ದಿನ ಅವಳು ಮನೆಗೆ ಬಂದು, ಬಹಳ ದಿನದ ಮೇಲೆ ನಗುನಗುತ್ತ ಚಹಾ ಮಾಡಿ ಎಲ್ಲರಿಗೂ ಕೊಟ್ಟಳು. ಮುಂದಿನ ವಾರ ಉಳಿದ ಪರೀಕ್ಷೆಗಳಿಗೆಂದು ಹೋದಾಗ, ಅವಳು ಎರಡು ತಿಂಗಳ ಬಸುರಿ ಎಂದು ತಿಳಿಯಿತು. ಬಸುರಿಯ ಕರುಳು ತೆಗೆಯುವಂತಿಲ್ಲ ಎಂದರು.

ಅವಳಿಗೆ ಮೊದಲು ಬಂದದ್ದು ನಾಚಿಕೆ. ಇಂಥ ಮನೆಯಲ್ಲಿ, ಇಂಥ ಹೊತ್ತಿನಲ್ಲಿ. ಮಯೂರ್ ಬಸ್ಸಿನಲ್ಲಿ ಅವಳ ಪಕ್ಕ ಕೂತು ಇಡೀ ದಾರಿ ಮೊಬೈಲನ್ನು ತಿರುಗಿಸುತ್ತ ಇದ್ದ. ಮನೆ ಹತ್ತಿರ ಬಂದಾಗ ಅವಳು, ತೆಗೆಸಿಬಿಡುತ್ತೇನೆ ಎಂದಳು. ಅವನು ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಅವನ ಸ್ವಭಾವ ಅದು.

ವಿಷಯ ಜಲಜಾಕ್ಷಿಯವರಿಗೆ ಗೊತ್ತಾದದ್ದು ತಾರಾನಾಥರ ಬಾಯಿಂದ. ಎರಡು ದಿನದ ನಂತರ, ಕಾಂಚನಾ ಅಕ್ಕಿ ಆರಿಸುತ್ತಿದ್ದಾಗ ಜಲಜಾಕ್ಷಿ ಪಕ್ಕದಲ್ಲಿ ಬಂದು ಕೂತು, ಹೊಟ್ಟೆಗೆ ಬಂದದ್ದನ್ನು ಕಳೆದುಕೊಳ್ಳಬಾರದು ಎಂದರು. ದೇವರು ಒಂದು ಕೈಯಲ್ಲಿ ತೆಗೆದುಕೊಳ್ಳುವಾಗ ಇನ್ನೊಂದು ಕೈಯಲ್ಲಿ ಕೊಡುತ್ತಾನೆ ಎಂದರು. ಸಮಾಧಾನ ಹೇಳಬೇಕೆಂದೇ ಅವರು ಆ ಮಾತನ್ನು ಹೇಳಿದ್ದು. ಕಾಂಚನಾ ಮೊರ ಕೆಳಗಿಟ್ಟು ಅವರನ್ನು ನೋಡಿದಳು.

"ತಗೊಂಡಾಯ್ತೇನ್ ಅತ್ತಿ? ಅಕಿ ಇನ್ನೂ ಒಳಗ ಕೂತಾಳ."

ಜಲಜಾಕ್ಷಿ ಎದ್ದು ಹೋದರು. ಮರುದಿನವೇ ಗಂಡನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ, ತಮ್ಮ ಕರುಳು ಆಗುತ್ತದೋ ನೋಡಿ ಎಂದು ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ, ತಾರಾನಾಥರಿಗೆ ಹೃದಯಕ್ಕೆ ಸ್ಟೆಂಟ್. ಇಬ್ಬರದೂ ಆಗುವುದಿಲ್ಲ ಎಂದರು. ಬರುವಾಗ ಮುಂಬ್ರಾದ ಹತ್ತಿರ ಲೋಕಲ್ ಬಹಳ ಹೊತ್ತು ನಿಂತಿತ್ತು. ಜಲಜಾಕ್ಷಿ ಕಿಟಕಿಯಿಂದ ಗುಡ್ಡವನ್ನು ನೋಡುತ್ತ, ಈ ಮನೆಯಲ್ಲಿ ಐದು ಜನ ದೊಡ್ಡವರು, ಒಂದು ಮಗುವಿಗೆ ಕೊಡಲಿಕ್ಕೆ ಒಂದು ಮೊಳ ಕರುಳಿಲ್ಲ ಎಂದರು. ತಾರಾನಾಥರು ಮಗಳ ಹೆಸರನ್ನು ಬಾಯಿಗೆ ತರಲಿಲ್ಲ. ಇಬ್ಬರ ಮನಸ್ಸಿನಲ್ಲೂ ಅದೇ ಇತ್ತು.

ಮಾನಸಿ ಯಾರನ್ನೂ ಕೇಳದೆ ಪರೀಕ್ಷೆ ಮಾಡಿಸಿಕೊಂಡಳು. ಹೊಂದುತ್ತದೆ ಎಂದು ಗೊತ್ತಾದ ದಿನ ಸಂಜೆ ಬ್ಯಾಂಕಿನಿಂದ ಬಂದವಳೇ ಬಟ್ಟೆ ಕೂಡ ಬದಲಿಸದೆ ಅಡುಗೆಮನೆಯ ಬಾಗಿಲು ಹಾಕಿ, ಅಮ್ಮ, ಅಣ್ಣ, ಅತ್ತಿಗೆ ಮೂವರಿಗೂ ಹೇಳಿದಳು. ಅನು ಹೊರಗೆ ಅಜ್ಜನ ಜೊತೆ ಟಿವಿ ನೋಡುತ್ತಿದ್ದಳು.

ಜಲಜಾಕ್ಷಿ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೇ ಬಿಟ್ಟರು. ಆಗಲಿಕ್ಕಿಲ್ಲ ಎಂದರು. ಮದುವೆ ಎದುರಿಗುಂಟು, ಹೊಟ್ಟೆ ಕೊಯ್ಸಿಕೊಂಡ ಹುಡುಗಿ ಅಂತ ಅವರು ಬಿಟ್ಟರೆ ಯಾರು ಜವಾಬ್ದಾರಿ, ನಾಳೆ ನಿನಗೆ ಮಕ್ಕಳಾಗುವುದಕ್ಕೆ ತೊಂದರೆಯಾದರೆ ಏನು ಮಾಡುವುದು ಎಂದೆಲ್ಲ ಕೇಳಿದರು. ಮಾನಸಿ ಮಧ್ವರಾಜನಿಗೆ ಹೇಳಿಯಾಗಿದೆ ಎಂದಳು. ಅವನ ತಾಯಿಗೆ ಹೇಳಿದ್ದೀಯಾ ಎಂದು ಅವರು ಕೇಳಿದರು. ಇನ್ನೂ ಇಲ್ಲ ಎಂದಳು ಮಾನಸಿ.

ಆಗ ಮಯೂರ್ ಬಾಯಿ ತೆರೆದ. "ಅಮ್ಮ, ಇವಳು ಕೊಡೋದು ಬೇಡ, ಕಾಂಚನಾ ತೆಗೆಸೋದೂ ಬೇಡ. ಹಾಗಾದರೆ ಯಾರು? ನೀವೇ ಹೇಳಿ."

"ನಾನೆಂತ ಹೇಳುದು?"

"ಹೇಳ್ರಿ ಅತ್ತಿ," ಎಂದಳು ಕಾಂಚನಾ. "ಬಿಟ್ಟುಬಿಡು ಅಂತ ಬಾಯಿಬಿಟ್ಟು ಹೇಳ್ರಿ. ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ."

ಜಲಜಾಕ್ಷಿಯವರ ಮುಖ ಕೆಂಪಾಯಿತು. ಅವರು ನಿಧಾನವಾಗಿಯೇ ಹೇಳಿದರು. "ಆ ದಿನ ಸಂಜೆಯೇ ಆಸ್ಪತ್ರೆಗೆ ಕರ್ಕೊಂಡು ಹೋಗುವ ಅಂತ ಹೇಳಿದ್ದು ನಾನು. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ವೈರಲ್ ಉಂಟು, ನೀವು ಸುಮ್ಮನೆ ಹೆದರ್ತೀರಿ ಅಂದದ್ದು ನೀನು. ಒಂದೂವರೆ ವರ್ಷ ನಾನು ಈ ಮಾತು ಯಾರ ಹತ್ರವೂ ಆಡಲಿಲ್ಲ. ಈಗ ನನ್ನ ಮಗಳ ಹೊಟ್ಟೆ ಕೇಳ್ತಿದ್ದಿ."

ಸಾರು ಕುದಿದು ಒಲೆಯ ಮೇಲೆ ಚೆಲ್ಲಿತು. ಮಾನಸಿ ಗ್ಯಾಸ್ ಆರಿಸಿದಳು. ಆ ಸಂಜೆ ಬೇಗ ಹೋಗಿದ್ದರೆ ಏನಾಗುತ್ತಿತ್ತು ಎಂದು ಕಾಂಚನಾ ಠಾಣೆಯ ಸರ್ಜನ್‌ನನ್ನು ಒಮ್ಮೆ ಕೇಳಿದ್ದಳು. ಸ್ವಲ್ಪ ಉಳಿಯುತ್ತಿತ್ತೋ ಏನೋ, ಹೇಳಲಾಗದು ಎಂದಿದ್ದರು. ಆ ಮಾತನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಮಗುವನ್ನು, ಚೀಲಗಳನ್ನು, ಅವನ್ನು ತೂಗುಹಾಕುವ ಕಂಬವನ್ನು ಟ್ಯಾಕ್ಸಿಗೆ ಹಾಕಿಕೊಂಡು ಕಲ್ಯಾಣದ ತವರಿಗೆ ಹೋದಳು. ಮಯೂರ್ ಸಾಮಾನು ಹೊತ್ತುಕೊಟ್ಟ. ಅಲ್ಲಿಂದಲೇ ಕೆಲಸಕ್ಕೆ ಹೋಗಿಬರತೊಡಗಿದ.

ಡೊಂಬಿವಲಿಯ ಮನೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣುವ ಅಗತ್ಯ ಇಲ್ಲವಾಯಿತು. ಆ ಭಾನುವಾರ ತಾರಾನಾಥರು ಏನು ತೋಚಿತೋ, ಮಾರ್ಕೆಟ್ಟಿಗೆ ಹೋಗಿ ಬಂಗುಡೆ ತಂದರು. ಜಲಜಾಕ್ಷಿ ಮೆಣಸು, ಹುಣಿಸೆ ಅರೆದು ಪುಳಿಮುಂಚಿ ಮಾಡಿದರು. ಮನೆಯೆಲ್ಲ ವಾಸನೆ ತುಂಬಿತು. ಮೂವರೂ ಕೂತರು. ಮಾನಸಿ ಎರಡು ತುತ್ತು ಉಂಡು ಎದ್ದಳು. ತಾರಾನಾಥರು ಮೀನಿನ ಮುಳ್ಳು ಬಿಡಿಸುತ್ತಲೇ ಕೂತರು, ಬಾಯಿಗಿಡಲಿಲ್ಲ. ಉಳಿದದ್ದನ್ನು ಜಲಜಾಕ್ಷಿ ಕೆಳಗಿನ ಮಹಡಿಯವರಿಗೆ ಕೊಟ್ಟು ಬಂದರು.

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಕಾಂಚನಾಳ ತಾಯಿ ಬಸವಣ್ಣೆವ್ವ ಒಬ್ಬರೇ ಬಂದರು. ಮೊಣಕಾಲುನೋವಿನ ಹೆಂಗಸು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದರು. ಜಲಜಾಕ್ಷಿ ನೀರು ಕೊಟ್ಟರು. ಬಸವಣ್ಣೆವ್ವ ಲೋಟವನ್ನು ಕೆಳಗಿಟ್ಟು, ಮಗು ಹೇಗಿದೆ ಎಂದು ಅವರು ಕೇಳುವ ಮೊದಲೇ ಹೇಳಿದರು: ಕಣ್ಣು ಇನ್ನಷ್ಟು ಹಳದಿಯಾಗಿದೆ, ಹೊಟ್ಟೆ ಊದುತ್ತಿದೆ. ಕಾಂಚನಾ ಸೋಮವಾರ ಆಸ್ಪತ್ರೆಗೆ ಹೋಗಿ ತೆಗೆಸಿಕೊಂಡು ಬರುತ್ತಾಳೆ. ಮೈ ಸುಧಾರಿಸಿದ ಮೇಲೆ ಕರುಳು ಕೊಡುತ್ತಾಳೆ. ಅಷ್ಟರತನಕ ಮಗು ತಡೆದುಕೊಳ್ಳುತ್ತದೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ.

"ನೀವು ತಡೀಲಿಲ್ವಾ?" ಎಂದು ಜಲಜಾಕ್ಷಿ ಕೇಳಿದರು.

"ತಡದೆ. ಕೇಳಂಗಿಲ್ಲ ಅಕಿ." ಬಸವಣ್ಣೆವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. "ಬೀಗತಿಯವ್ರ, ನಿಮ್ಮ ಮಗಳ್ನ ಕೊಡ್ರಿ ಅಂತ ಕೇಳಾಕ ನಾ ಬಂದಿಲ್ಲ. ಯಾವ ಬಾಯಿಲೆ ಕೇಳ್ಲಿ? ನಿಮ್ಮ ಮಗಳ ಹೊಟ್ಟಿ ನೀವು ಕಾಯ್ತೀರಿ. ನನ್ನ ಮಗಳ ಹೊಟ್ಟಿ ನಾನೂ ಕಾಯಬೇಕಲ್ರಿ. ಅಷ್ಟ ಹೇಳಾಕ ಬಂದೆ."

ಚಹಾ ಮಾಡುತ್ತೇನೆಂದರೂ ಅವರು ಕೂರಲಿಲ್ಲ. ಜಲಜಾಕ್ಷಿ ಅವರ ಕೈ ಹಿಡಿದು ಮೆಟ್ಟಿಲು ಇಳಿಸಿ, ರಿಕ್ಷಾ ಹತ್ತಿಸಿದರು. ಮೇಲೆ ಬಂದು ಮಾನಸಿಗೆ ಫೋನು ಮಾಡಿ, ಸಂಜೆ ಬರುವಾಗ ಕಲ್ಯಾಣಕ್ಕೆ ಹೋಗಿ ಅತ್ತಿಗೆಗೆ ಸೋಮವಾರ ಎಲ್ಲಿಗೂ ಹೋಗಬೇಡ ಅಂತ ಹೇಳು ಎಂದರು. ಮಾನಸಿ ಆ ಸಂಜೆ ನೇರವಾಗಿ ಕಲ್ಯಾಣಕ್ಕೆ ಹೋದಳು.

ಅಪ್ಪನ ತಂಗಿ ಕಾನೂನಿನಲ್ಲಿ ಹತ್ತಿರದ ಸಂಬಂಧಿಯ ಲೆಕ್ಕಕ್ಕೆ ಬರುವುದಿಲ್ಲ. ಒಂದು ಸಮಿತಿ ಒಪ್ಪಬೇಕಿತ್ತು. ಯಾರಾದರೂ ಒತ್ತಾಯ ಮಾಡಿದರೇ, ಹಣದ ಆಸೆ ತೋರಿಸಿದರೇ ಎಂದು ಅವರು ಮಾನಸಿಯನ್ನು ಬಹಳ ಹೊತ್ತು ಕೇಳಿದರು. ಆಮೇಲೆ ಅವಳ ತಾಯಿಯನ್ನು ಒಳಗೆ ಕರೆದರು. ಹೊರಗೆ ಬೆಂಚಿನ ಮೇಲೆ ಮಯೂರ್, ಕಾಂಚನಾ ಕೂತಿದ್ದರು. ಆ ಜಗಳದ ನಂತರ ಅತ್ತೆ ಸೊಸೆ ಎದುರುಬದುರಾದದ್ದು ಅಂದೇ. ಒಳಗೆ ಅವರು ಏನು ಹೇಳುತ್ತಾರೋ ಎಂದು ಕಾಂಚನಾ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

ಒಳಗೆ ಜಲಜಾಕ್ಷಿ ಹೇಳಿದ್ದನ್ನು ಮಾನಸಿ ಆಮೇಲೆ ಅವರಿಬ್ಬರಿಗೆ ತಿಳಿಸಿದಳು. ನಿಮಗೆ ಇದು ಒಪ್ಪಿಗೆಯೇ ಎಂದು ಸಮಿತಿಯವರು ಕೇಳಿದಾಗ ಅವರು ತಮ್ಮ ಹರುಕುಮುರುಕು ಮರಾಠಿಯಲ್ಲಿ, ನನಗೆ ಖುಷಿ ಇಲ್ಲ ಎಂದರಂತೆ. ಯಾವ ತಾಯಿಗೂ ಇರುವುದಿಲ್ಲ. ಹೆದರಿಕೆ ಉಂಟು. ಆದರೆ ಇವಳು ತಾನಾಗಿ ಕೊಡುತ್ತಿದ್ದಾಳೆ, ಯಾರೂ ಹೇಳಿಕೊಟ್ಟದ್ದಲ್ಲ, ಹೇಳಿಕೊಟ್ಟಿದ್ದರೆ ಬೇಡ ಅಂತ ಹೇಳಿಕೊಟ್ಟದ್ದು ನಾನು. ತಾಯಿಗೆ ಗೊತ್ತುಂಟು ಅಂತ ಬರೆದುಕೊಳ್ಳಿ.

ಫೆಬ್ರುವರಿಯಲ್ಲಿ ಆಪರೇಶನ್ ಆಯಿತು. ಹಣ ಮಯೂರನ ಕಂಪನಿ, ಎರಡು ಟ್ರಸ್ಟು, ಕನ್ನಡ ಸಂಘದವರು ಹೀಗೆ ಹೇಗೋ ಕೂಡಿತು. ಮಾನಸಿ ಬೇಗನೆ ಎದ್ದು ಓಡಾಡಿದಳು. ಕೆಲವು ವಾರ ಭೇದಿ ನಿಲ್ಲದೆ ಒದ್ದಾಡಿದಳು, ಆಮೇಲೆ ಸರಿಹೋಯಿತು. ಅನುವಿನ ಹೊಟ್ಟೆಯ ಮೇಲೆ ಒಂದು ತೂತು ಮಾಡಿ ಚೀಲ ಅಂಟಿಸಿದ್ದರು. ಅದರ ಮೂಲಕ ವಾರವಾರ ಹೊಸ ಕರುಳಿನ ಚೂರು ತೆಗೆದು ಪರೀಕ್ಷಿಸುತ್ತಿದ್ದರು. ಅವಳ ಮೈ ಆ ಕರುಳನ್ನು ಪರರದೆಂದು ತಳ್ಳಿಬಿಡದಂತೆ ಹೊತ್ತುಹೊತ್ತಿಗೆ ಔಷಧಿ. ಮಾರ್ಚಿನಲ್ಲಿ ಒಮ್ಮೆ ತಳ್ಳಲು ನೋಡಿತು, ಔಷಧಿ ಹೆಚ್ಚಿಸಿದರು, ನಿಂತಿತು. ಆ ತಿಂಗಳ ಕೊನೆಗೆ ಗಂಜಿ ಕೊಟ್ಟರು. ಆಮೇಲೆ ಮೆತ್ತಗಿನ ಅನ್ನ. ಎದೆಯ ನಳಿಕೆಯನ್ನು ತೆಗೆದ ದಿನ ಡಾಕ್ಟರು, ಇನ್ನು ಮನೆಯವರ ಜೊತೆಯೇ ಕೂತು ಉಣ್ಣಲಿ ಎಂದರು.

ಡೊಂಬಿವಲಿಯ ಮನೆಯಲ್ಲಿ ಅಡುಗೆಮನೆಯ ಬಾಗಿಲು ತೆರೆಯಿತು. ಮಗುವಿಗೆ ಕೂತು ಉಣ್ಣುವುದೇ ಮರೆತುಹೋಗಿತ್ತು. ಬಾಯಿಗಿಟ್ಟದ್ದನ್ನು ಅಗಿದು, ಉಗುಳಲು ಬಟ್ಟಲು ಹುಡುಕುತ್ತಿದ್ದಳು. ನುಂಗು, ನುಂಗು ಎಂದು ತಾರಾನಾಥರು ಎದುರಿಗೆ ಕೂತು ತಾವು ನುಂಗಿ ತೋರಿಸುತ್ತಿದ್ದರು. ಒಂದೊಂದು ತುತ್ತಿಗೂ ಅನು ಮಾನಸಿಯ ಕಡೆ ನೋಡುತ್ತಿದ್ದಳು, ಅದು ಸಾಲ ತಂದ ವಸ್ತು ಎಂಬ ಹಾಗೆ. ನಂತರ ರೂಢಿಯಾಯಿತು. ನೀರುದೋಸೆ ಬೇಕು, ಜೋಳದ ರೊಟ್ಟಿ ಬೇಕು, ಕಲ್ಯಾಣದ ಅಜ್ಜಿಯ ಶೇಂಗಾ ಚಟ್ನಿ ಬೇಕು. ಸಿಗದಿದ್ದರೆ ಹಟ. ಹಟ ಮಾಡಿದರೆ ಕಾಂಚನಾ ಬೈಯುತ್ತಿದ್ದಳು. ಊಟದ ವಿಷಯಕ್ಕೆ ಮಗಳನ್ನು ಬೈಯುವುದು ಅವಳಿಗೆ ಹೊಸದು.

ಮೇ ತಿಂಗಳಲ್ಲಿ ಮಾನಸಿಯ ಮದುವೆಯಾಯಿತು. ಮಧ್ವರಾಜನ ತಾಯಿ ಲೋಲಾಕ್ಷಿ ಆಸ್ಪತ್ರೆಗೆ ಬಂದಿರಲಿಲ್ಲ. ಒಂದು ತಿಂಗಳು ಸುದ್ದಿಯಿಲ್ಲದೆ ಇದ್ದು, ಆಮೇಲೆ ಒಂದು ದಿನ ಬಂದು, ಕೊಯ್ದ ಜಾಗ ತೋರಿಸು ಎಂದು ಕೇಳಿ ನೋಡಿ, ಡಾಕ್ಟರ ಹತ್ತಿರವೂ ಹೋಗಿ ವಿಚಾರಿಸಿ, ಆಗಲಿ ಎಂದರು. ಜಲಜಾಕ್ಷಿ ಹೆದರಿದ್ದು ಆಗಲಿಲ್ಲ. ಮದುವೆಯ ಹಾಲಿನ ಪಕ್ಕದ ಕೋಣೆಯಲ್ಲಿ, ಜನರಿಂದ ದೂರ, ಅನು ಬಾಳೆಎಲೆಯ ಮುಂದೆ ಕೂತು ಮಾಸ್ಕ್ ಕೆಳಗಿಳಿಸಿ ಉಂಡಳು. ಪಾಯಸ ಎರಡು ಸಲ ಹಾಕಿಸಿಕೊಂಡಳು.

ಕಾಂಚನಾ ಈ ಮನೆಗೆ ಮರಳಿದ್ದಳು, ಕೆಲಸಗಳು ನಡೆಯುತ್ತಿದ್ದವು, ಅತ್ತೆಯೊಂದಿಗೆ ಬೇಕಾದಷ್ಟು ಮಾತೂ ಇತ್ತು. ಬೇಳೆ ಎಷ್ಟು ಹಾಕಲಿ, ಹಾಲು ಬಂತೇ, ಅಷ್ಟು. ಜುಲೈಯಲ್ಲಿ ಗಂಡುಮಗು ಹುಟ್ಟಿತು. ಸಮಿತ್ ಎಂದು ಹೆಸರಿಟ್ಟರು. ಬಾಣಂತಿಗೆ ಎಣ್ಣೆ, ನೀರು ಎಲ್ಲವನ್ನೂ ಜಲಜಾಕ್ಷಿಯೇ ಮಾಡಿದರು. ಆದರೆ ಕೂಸನ್ನು ಅವರ ಬಳಿ ಬಿಟ್ಟು ಕಾಂಚನಾ ಎಲ್ಲಿಗೂ ಹೋಗುತ್ತಿರಲಿಲ್ಲ. ಸ್ನಾನಕ್ಕೆ ಹೋಗುವಾಗಲೂ ಮಯೂರನನ್ನೋ ಮಾವನನ್ನೋ ಕರೆಯುತ್ತಿದ್ದಳು. ಒಮ್ಮೆ ಅವರು ಕೈ ಚಾಚಿದಾಗ, ಮಲಗೇದ ಬಿಡ್ರಿ ಎಂದಳು. ಮಗು ಕಣ್ಣು ಬಿಟ್ಟುಕೊಂಡೇ ಇತ್ತು.

ಸೆಪ್ಟೆಂಬರಿನ ಕೊನೆಯಲ್ಲಿ ಅನುವಿಗೆ ಜ್ವರ ಬಂತು. ಈ ಸಲ ಯಾರೂ ತಡಮಾಡಲಿಲ್ಲ. ಹಣೆ ಮುಟ್ಟಿ ನೋಡಿದ ಜಲಜಾಕ್ಷಿ, ಏಳು ಎಂದರು, ಅರ್ಧ ಗಂಟೆಯಲ್ಲಿ ಕಾರು ಹೊರಟಿತು. ಅವಳ ಮೈ ಕರುಳನ್ನು ತಳ್ಳಲು ಶುರುಮಾಡಿತ್ತು. ಇದ್ದ ಔಷಧಿಗಳನ್ನೆಲ್ಲ ಕೊಟ್ಟರು. ಹೊಸ ಕರುಳಿನ ಒಳಪದರ ಸುಲಿದುಹೋಯಿತು, ರಕ್ತ ಹೋಯಿತು. ಕೊನೆಗೆ ಮತ್ತೆ ಕೊಯ್ದು ಅದನ್ನು ತೆಗೆದರು. ಔಷಧಿಗಳಿಂದ ತಡೆಯುವ ಶಕ್ತಿಯೇ ಇಲ್ಲದ ಮೈಗೆ ಸೋಂಕು ಹಬ್ಬಿತು. ಅವಳಿಗೆ ಬಹಳ ನೋವಿತ್ತು. ಕಾಂಚನಾಳ ಎದೆಹಾಲು ಸೋರಿ ಕುಪ್ಪಸ ಒದ್ದೆಯಾಗುತ್ತಿತ್ತು, ಅವಳು ಕೈ ಬಿಡಿಸಿಕೊಳ್ಳದೆ ಮಗಳ ಹಾಸಿಗೆಯ ಬಳಿಯೇ ನಿಂತಿರುತ್ತಿದ್ದಳು. ದೀಪಾವಳಿಗೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ, ಅನು ತೀರಿಕೊಂಡಳು.

ಯಾಕೆ ಹೀಗಾಯಿತು ಎಂದು ಮಯೂರ್ ಡಾಕ್ಟರನ್ನು ಕೇಳಿದ. ಮದುವೆಗೆ ಕರೆದೊಯ್ದದ್ದೇ, ಹೊರಗಿನದು ತಿಂದದ್ದೇ, ಔಷಧಿ ತಪ್ಪಿತೇ. ಯಾವುದೂ ಅಲ್ಲ ಎಂದರು ಅವರು. ಕೆಲವು ಮಕ್ಕಳಲ್ಲಿ ಹೀಗಾಗುತ್ತದೆ, ನಮಗೆ ಇನ್ನೂ ಎಲ್ಲ ಗೊತ್ತಾಗಿಲ್ಲ. ಮನೆಯಲ್ಲಿ ಬೈಯಲು ಯಾರೂ ಸಿಗಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ. ಎಲ್ಲರೂ ಒಟ್ಟಿಗೆ ಕೂತು, ಬಾಗಿಲು ತೆರೆದುಕೊಂಡು ಉಣ್ಣುತ್ತಿದ್ದರು. ಮಾನಸಿ ಸಾನಪಾಡಾದಿಂದ ಭಾನುವಾರ ಬರುತ್ತಿದ್ದಳು. ತಾನು ಕೊಟ್ಟದ್ದು ಅವಳನ್ನು ಉಳಿಸಲಿಲ್ಲವಲ್ಲ ಎಂದು ಒಂದು ಸಲ ಅತ್ತಳು. ಕಾಂಚನಾ ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತಳು.

ಮುಂದಿನ ಫೆಬ್ರುವರಿಯಲ್ಲಿ ಡಾಕ್ಟರು ಫೋನು ಮಾಡಿ, ಕಳಂಬೋಲಿಯಲ್ಲಿ ಕನ್ನಡದ ಒಂದು ಕುಟುಂಬವಿದೆ, ಅವರು ನಿಮ್ಮೊಂದಿಗೆ ಮಾತಾಡಬೇಕೆನ್ನುತ್ತಿದ್ದಾರೆ, ಆಗದಿದ್ದರೆ ಖಂಡಿತ ಬೇಡ ಎಂದರು. ಮಯೂರ್ ಬೇಡ ಎಂದ. ಕಾಂಚನಾ ಬರಲಿ ಎಂದಳು.

ಒಂದು ಭಾನುವಾರ ಬಂದವರು ಗುರುರಾಜ ಮತ್ತು ಶರಣಬಸಮ್ಮ, ಕಲಬುರಗಿ ಕಡೆಯವರು. ಅವನು ಕಬ್ಬಿಣದ ಗೋದಾಮಿನಲ್ಲಿ ಸೂಪರ್‌ವೈಸರ್. ಮೂರು ವರ್ಷದ ಮಗಳು ಆಸ್ಪತ್ರೆಯಲ್ಲೇ ಇದ್ದಳು. ಕರುಳು ಕೊಡುವವಳು ಶರಣಬಸಮ್ಮ. ಅವಳಿಗೆ ಮಾನಸಿಯ ಹೊಟ್ಟೆ ನೋಡಬೇಕಿತ್ತು. ಮಾನಸಿ ಒಳಗೆ ಕರೆದುಕೊಂಡು ಹೋಗಿ ತೋರಿಸಿದಳು. ಹೊರಗೆ ಬಂದು ಶರಣಬಸಮ್ಮ ಕಾಂಚನಾಳ ಎದುರಿಗೆ ನೆಲದ ಮೇಲೆ ಕೂತಳು. ಗಂಡ ತಡೆದರೂ ಕೇಳಿದಳು.

"ಅಕ್ಕಾ, ನಿಮ್ಮ ಕೂಸು ಉಳೀಲಿಲ್ಲ ಅಂತ ಗೊತ್ತದ. ಆದ್ರೂ ಕೇಳ್ತೀನಿ. ಮಾಡಸಲೋ, ಬ್ಯಾಡೋ?"

ಜಲಜಾಕ್ಷಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಅದನ್ನ ನಾ ಹೇಳಂಗಿಲ್ರಿ. ಆರು ತಿಂಗಳು ಅಕಿ ಕೂತು ಉಂಡ್ಲು. ಬೇಕಾದ್ದು ಕೇಳಿ ಉಂಡ್ಲು, ಬ್ಯಾಡಾದ್ದು ತಾಟಿನ್ಯಾಗ ಬಿಟ್ಲು. ಕಡೀಕೆ ಭಾಳ ತ್ರಾಸಾತು, ನೋಡಾಕ ಆಗಲಿಲ್ಲ. ಎರಡೂ ಖರೆ. ನಿಮ್ಮ ಕೂಸಿಗೆ ಯಾವುದಾಗ್ತದೋ ಯಾರಿಗೂ ಗೊತ್ತಿಲ್ಲ."

ಶರಣಬಸಮ್ಮ ತಲೆಯಾಡಿಸಿದಳು. ಆ ದಿನ ಅವರು ಏನನ್ನೂ ನಿರ್ಧರಿಸದೆ ಹೋದರು. ಏಪ್ರಿಲ್‌ನಲ್ಲಿ ಗುರುರಾಜನ ಫೋನು ಬಂತು. ನಾಳೆ ಆಪರೇಶನ್, ನಿಮಗೆ ತಿಳಿಸಬೇಕೆಂದು ಅನಿಸಿತು, ಅಷ್ಟೇ ಎಂದ. ನಿಮ್ಮ ಕಡೆಯವರು ಯಾರಿದ್ದಾರೆ ಎಂದು ಕಾಂಚನಾ ಕೇಳಿದಳು. ಊರಿನಿಂದ ಯಾರಿಗೂ ಬರಲಾಗಲಿಲ್ಲ ಎಂದ.

ಬೆಳಿಗ್ಗೆ ಅವಳು ಸೀರೆಯುಟ್ಟು ಹೊರಬಂದಾಗ ಮಯೂರ್ ಕೆಲಸಕ್ಕೆ ಹೋಗಿಯಾಗಿತ್ತು. ಮಾವ ಹಾಲು ತರಲು ಹೋಗಿದ್ದರು.

"ನೀನೆಂತಕ್ಕೆ ಹೋಗುದು?" ಎಂದರು ಜಲಜಾಕ್ಷಿ. "ಆ ಆಸ್ಪತ್ರೆ ಮೆಟ್ಟಿಲು ಮತ್ತೆ ಹತ್ತಲಿಕ್ಕಾಗ್ತದಾ ನಿನಗೆ?"

"ಗೊತ್ತಿಲ್ಲ ಅತ್ತಿ. ಗಂಡ ಹೆಂಡತಿ ಇಬ್ಬರ ಅದಾರ. ಅಕಿನೂ ಮಗಳೂ ಒಳಗ ಹ್ವಾದ್ರ ಅಂವ ಒಬ್ನ ಹೊರಗ ಕೂಡಬೇಕು."

ಕಾಂಚನಾ ಸಮಿತನ ಮುಖ ಒರೆಸಿ, ಎತ್ತಿ, ಅತ್ತೆಯ ಕೈಗೆ ಕೊಟ್ಟಳು. ಹನ್ನೊಂದಕ್ಕೆ ರಾಗಿ ಗಂಜಿ, ಆಮೇಲೆ ಮಲಗುತ್ತಾನೆ ಎಂದು ಹೇಳಿದಳು. ಅವರು ಮಗುವನ್ನು ಎದೆಗೆ ಒತ್ತಿಕೊಂಡರು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು.

ಆಸ್ಪತ್ರೆಯಲ್ಲಿ ಗುರುರಾಜ ಆಪರೇಶನ್ ಥಿಯೇಟರಿನ ಹೊರಗಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಹೆಂಡತಿಯ ಚಪ್ಪಲಿ, ಮಗಳ ಸ್ವೆಟರ್ ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಟ್ಟು ತೊಡೆಯ ಮೇಲೆ ಹಿಡಿದುಕೊಂಡಿದ್ದ. ಕಾಂಚನಾಳನ್ನು ನೋಡಿ ಎದ್ದು ನಿಂತ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದ. ಬಹಳ ಹೊತ್ತು, ಕತ್ತಲಾಗಬಹುದು ಎಂದಳು. ಏನಾದರೂ ತಿಂದಿದ್ದೀರಾ ಎಂದು ಕೇಳಿದಳು. ಅವನು ನಿನ್ನೆಯಿಂದ ಇಲ್ಲ ಎಂದ, ಹಸಿವಿಲ್ಲ ಎಂದ.

ಅವಳು ಅವನ ಕೈಯಿಂದ ಚೀಲ ತೆಗೆದುಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಳು. "ಕೆಳಗ ಕ್ಯಾಂಟೀನ್ ಅದ. ಹೋಗಿ ಉಂಡು ಬರ್ರಿ. ನಾ ಇಲ್ಲೇ ಇರ್ತೀನಿ."